ಮರುಳಾದವರನ್ನು ಕಾಯುವ ಪರಿ

ಮನೆಯ ಹಿರಿಯರ ಕಾಲು ಮುರಿದರೆ ಬಂಧುಬಳಗವೆಲ್ಲ ಬಂದು ವಿಚಾರಿಸುತ್ತದೆ. ಅದೇ ಹಿರಿಯರ ಬುದ್ಧಿ ಕದಡಿದರೆ ಮನೆಯವರೇ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಎರಡೂ ವ್ಯಾಧಿಯೇ ಆಗಿರಲು ಒಂದಕ್ಕೆ ಮರುಕವೂ ಮತ್ತೊಂದಕ್ಕೆ ನಾಚಿಕೆಯೂ ಉಂಟಾಗುವುದೇಕೆ? ಮುಚ್ಚಿದ ಆ ಬಾಗಿಲೇ ಮುಂದೆ ಆಸ್ಪತ್ರೆಯ ಬಾಗಿಲಾಗಿ ಪರಿಣಮಿಸುತ್ತದೆ. ಮಾನಸಿಕ ರೋಗಿಗಳ ಆಸ್ಪತ್ರೆಯನ್ನು ನಡೆಸುವವರಿಗೆ ಹಾಸಿಗೆ, ಔಷಧಿ, ದಾದಿಯರ ಲೆಕ್ಕಕ್ಕಿಂತ ಮೊದಲು ಎದುರಾಗುವ ಪ್ರಶ್ನೆಯೊಂದುಂಟು: ಬಾಗಿಲ ಕೀಲಿಯು ಯಾರ ಹಿತಕ್ಕಾಗಿ ತಿರುಗುತ್ತಿದೆ?

ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿಯ ಕಡೆಯ ಒಬ್ಬ ಗೃಹಸ್ಥನ ಸ್ಥಿತಿಯನ್ನು ಭಾವಿಸಿ ನೋಡಬಹುದು. ಎಪ್ಪತ್ತು ದಾಟಿದ ತಂದೆ ನಡುರಾತ್ರಿಯಲ್ಲಿ ಎದ್ದು, ಹೊಲಕ್ಕೆ ನೀರು ಹಾಯಿಸುವ ಹೊತ್ತಾಯಿತೆಂದು ಅಗುಳಿ ತೆಗೆಯುತ್ತಾನೆ. ಅನ್ನವಿಟ್ಟ ಸೊಸೆಯನ್ನು, 'ಯಾರಮ್ಮ ನೀನು, ಯಾರ ಮನೆಯವಳು?' ಎಂದು ಕೇಳುತ್ತಾನೆ. ಮಗನು ಮೊದಲು ಯಂತ್ರ ತಾಯಿತಗಳಿಗೆ ಅಲೆಯುತ್ತಾನೆ. ಗಡಿಯಾಚೆಯ ಹಿಂದೂಪುರಕ್ಕೆ ಹೋಗುತ್ತಾನೆ. ಮಧುಗಿರಿ, ತುಮಕೂರುಗಳನ್ನು ನೋಡಿ ಕಡೆಗೆ ಬೆಂಗಳೂರಿನ ಹಾದಿ ಹಿಡಿಯುತ್ತಾನೆ. ಅಷ್ಟರಲ್ಲಿ ಕಡಲೆಕಾಯಿಯ ಫಸಲಿನ ಹಣವೆಲ್ಲ ಕರಗಿರುತ್ತದೆ. ಮನೆಯವರು ತಿಂಗಳುಗಟ್ಟಲೆ ಕಣ್ತುಂಬ ನಿದ್ದೆ ಕಂಡಿರುವುದಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಅವನು, 'ಇಲ್ಲಿಯೇ ಇಟ್ಟುಕೊಳ್ಳಿ ಸ್ವಾಮಿ, ಏನಾದರೂ ಆದರೆ ಹೇಳಿ ಕಳುಹಿಸಿ' ಎಂದರೆ ಅವನನ್ನು ಪಾಪಿಯೆನ್ನುವುದು ಸುಲಭ. ಹಾಗೆನ್ನುವವರು ಆ ಮನೆಯಲ್ಲಿ ಎರಡು ರಾತ್ರಿ ಎಚ್ಚರವಿದ್ದು ನೋಡಬೇಕು. ಆದರೂ ಅವನ ಮಾತಿನಲ್ಲಿ ಒಂದು ತಪ್ಪು ಅಡಗಿದೆ. ತಂದೆಗೆ ಬೇಕಾದುದು ಚಿಕಿತ್ಸೆ, ಮಗನಿಗೆ ಬೇಕಾದುದು ವಿಶ್ರಾಂತಿ. ಎರಡೂ ನ್ಯಾಯವಾದುವೇ. ಎರಡನ್ನೂ ಒಂದೇ ಬಾಗಿಲಿನೊಳಗೆ ಕೂಡಿ ಬೀಗ ಹಾಕಿದರೆ ಮಾತ್ರ ಮಗನ ವಿಶ್ರಾಂತಿಯು ತಂದೆಯ ಸೆರೆಯಾಗುತ್ತದೆ.

ಈ ವಿಚಾರದಲ್ಲಿ ಶರಣಚರಿತ್ರೆಯ ಒಂದು ಪ್ರಸಂಗವು ಬೆಳಕು ಕೊಡುತ್ತದೆ. ಮರುಳಶಂಕರದೇವರು ಬಸವಣ್ಣನವರ ಮಹಾಮನೆಯಲ್ಲಿ ಪ್ರಸಾದಕುಂಡದ ಬಳಿ ಹನ್ನೆರಡು ವರ್ಷ ಮರುಳನಂತೆ ಇದ್ದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಅವರಿಗೆ ಪ್ರಸಾದಕ್ಕೆ ಕೊರತೆಯಿರಲಿಲ್ಲ. ಆದರೆ ಅವರು ಯಾರೆಂಬುದನ್ನು ಯಾರೂ ಅರಿಯಲಿಲ್ಲ. ಅಲ್ಲಮಪ್ರಭುಗಳು ಬಂದು ಗುರುತಿಸಬೇಕಾಯಿತು. ದಾಸೋಹದ ತವರಾದ ಮನೆಯಲ್ಲಿಯೇ ಒಬ್ಬನು ಉಂಡೂ ಅಪರಿಚಿತನಾಗಿ ಉಳಿಯಬಹುದಾದರೆ, ಸಾಮಾನ್ಯರ ಮನೆಯ ಮಾತೇನು, ಆಸ್ಪತ್ರೆಯ ಮಾತೇನು? ಇಲ್ಲಿ ಒಂದು ಎಚ್ಚರವೂ ಅಗತ್ಯ. ಶರಣರ ಮರುಳು ಅನುಭಾವದ ಸ್ಥಿತಿ, ರೋಗಿಯ ಮರುಳು ವ್ಯಾಧಿ. ವ್ಯಾಧಿಯನ್ನು ಅನುಭಾವವೆಂದು ಪೂಜಿಸುವುದೂ ಸಲ್ಲದು, ಭೂತಚೇಷ್ಟೆಯೆಂದು ಹೊಡೆಯುವುದೂ ಸಲ್ಲದು. ಪ್ರಸಂಗದಿಂದ ತೆಗೆದುಕೊಳ್ಳಬೇಕಾದುದು ಇಷ್ಟೇ: ಉಣಬಡಿಸುವುದು ಒಂದು, ಉಣ್ಣುವವನನ್ನು ಅರಿಯುವುದು ಇನ್ನೊಂದು.

ಹಿಂದಿನ ಆಸ್ಪತ್ರೆಗಳು ಮೊದಲನೆಯದರಲ್ಲಿಯೇ ನಿಂತುಬಿಟ್ಟಿದ್ದವು. ಕನ್ನಡನಾಡಿನಲ್ಲಿ ಧಾರವಾಡದಲ್ಲಿಯೂ ಬೆಂಗಳೂರಿನಲ್ಲಿಯೂ 19ನೆಯ ಶತಮಾನದ ಮಧ್ಯಭಾಗದಲ್ಲಿಯೇ ಇಂಥ ಆಶ್ರಯಗಳು ಹುಟ್ಟಿದುವು. ಜನ ಅವುಗಳನ್ನು ಹುಚ್ಚಾಸ್ಪತ್ರೆಗಳೆಂದೇ ಕರೆದರು. 1925ರಲ್ಲಿ ಬೆಂಗಳೂರಿನದಕ್ಕೆ ಮಾನಸಿಕ ಆಸ್ಪತ್ರೆಯೆಂಬ ಹೆಸರು ಬಂದಿತು. ಡಾ. ಎಂ. ವಿ. ಗೋವಿಂದಸ್ವಾಮಿಯವರ ಕಾಲದಲ್ಲಿ, 1954ರಲ್ಲಿ, ಅದರ ಜೊತೆಗೆ ವೈದ್ಯರನ್ನು ತರಬೇತುಗೊಳಿಸುವ ಅಖಿಲ ಭಾರತ ಸಂಸ್ಥೆ ಸ್ಥಾಪನೆಯಾಯಿತು. 1974ರಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್ ಎಂಬ ಹೆಸರು ಪಡೆದುವು. ಹೆಸರು ಬದಲಾದ ಮಾತ್ರಕ್ಕೆ ಗೋಡೆ ಇಳಿಯುವುದಿಲ್ಲವೆಂಬುದು ದಿಟ. ಗೋಡೆಯನ್ನು ಇಳಿಸಿದ್ದು ಬೇರೊಂದು ಸರಳವಾದ ಏರ್ಪಾಡು. 1950ರ ದಶಕದಲ್ಲಿ ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಯ ಮನೆಯವರು ರೋಗಿಯೊಡನೆಯೇ ಇರುವಂತೆ ಮಾಡಿದರು. ಪಾಶ್ಚಾತ್ಯ ದೇಶಗಳು ಬಂಧುಗಳನ್ನು ದೂರವಿರಿಸಿ ಚಿಕಿತ್ಸೆ ಮಾಡುತ್ತಿದ್ದ ಕಾಲವದು. ಬೆಂಗಳೂರಿನ ತೆರೆದ ವಾರ್ಡುಗಳಲ್ಲಿಯೂ ಮನೆಯವರೊಬ್ಬರು ಜೊತೆಗಿರುವ ಪದ್ಧತಿ ನೆಲೆಗೊಂಡಿತು. ಜೊತೆಗಿದ್ದವನು ಮಾತ್ರೆ ಕೊಡುವ ಹೊತ್ತನ್ನೂ ರೋಗ ಮರುಕಳಿಸುವ ಲಕ್ಷಣಗಳನ್ನೂ ಅಲ್ಲಿಯೇ ಕಲಿಯುತ್ತಾನೆ. ರೋಗಿಗೂ ತನ್ನನ್ನು ಬಿಟ್ಟುಹೋದರೆಂಬ ದಿಗಿಲು ಇರುವುದಿಲ್ಲ. ಹಣ ಕಡಿಮೆಯಿದ್ದ ದೇಶವೊಂದು ಕಂಡುಕೊಂಡ ಈ ಉಪಾಯವೇ ಅದರ ಸಿರಿಯಾಯಿತು.

ಬಂಧುಗಳೂ ಇಲ್ಲದೆ ವೈದ್ಯರೂ ಇಲ್ಲದೆ ಬರಿಯ ಕಾವಲು ಉಳಿದರೆ ಏನಾಗುತ್ತದೆಂಬುದನ್ನು ತಮಿಳುನಾಡಿನ ಏರವಾಡಿ ತೋರಿಸಿತು. 2001ರ ಆಗಸ್ಟ್ 6ರಂದು ಅಲ್ಲಿಯ ಖಾಸಗಿ ಆಶ್ರಯವೊಂದರ ಗುಡಿಸಲಿಗೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ರೋಗಿಗಳು ಓಡಲಾರದೆ ಇಪ್ಪತ್ತೈದಕ್ಕೂ ಮಿಕ್ಕಿ ಜನ ಸತ್ತರು. ಅವರನ್ನು ಅಲ್ಲಿಗೆ ತಂದವರಲ್ಲಿ ಅನೇಕರು ಭಕ್ತಿಯಿಂದಲೇ ತಂದಿದ್ದರು. ದೇಶದ ಅಂತಃಕರಣವನ್ನು ಅಲುಗಿಸಿದ ಘಟನೆಯಿದು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಯಾವ ರೂಪದಲ್ಲಿಯೂ ಸರಪಳಿ ಹಾಕಬಾರದೆಂದು ವಿಧಿಸಿದೆ. ಅರಿವಳಿಕೆಯಿಲ್ಲದೆ ವಿದ್ಯುತ್ ಚಿಕಿತ್ಸೆ ಕೂಡದು. ರೋಗಿಯನ್ನು ಹಿಡಿದಿರಿಸುವುದು ಅನಿವಾರ್ಯವಾದರೆ ಮನೋವೈದ್ಯರ ಅನುಮತಿಯೊಡನೆ, ಕಾರಣವನ್ನು ಬರೆದಿಟ್ಟು, ಬೇಕಾದಷ್ಟೇ ಹೊತ್ತು. ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಬಲವಂತದ ದಾಖಲೆಗೆ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಅವಧಿ 30 ದಿನ ಮೀರದು. ಮುಂದುವರಿಸಬೇಕಾದರೆ ಪರಿಶೀಲನಾ ಮಂಡಳಿಯ ಒಪ್ಪಿಗೆ ಬೇಕು. ತಂದೆಯನ್ನು ಇಟ್ಟುಕೊಳ್ಳಿರೆಂಬ ಮಗನ ಮಾತೊಂದೇ ಸಾಲದೆಂಬುದು ಇದರ ತಾತ್ಪರ್ಯ. ಕೆಲವರು ಇದನ್ನು ಕುಟುಂಬದ ಮೇಲಿನ ಅವಿಶ್ವಾಸವೆಂದು ಬಗೆಯುತ್ತಾರೆ. ಕಲಹವಿರುವ ಮನೆಯಲ್ಲಿ ಆಸ್ತಿಯ ಆಸೆಗೆ ಒಡಹುಟ್ಟಿದವನನ್ನು ಮರುಳನೆನ್ನುವುದು ಅಪರೂಪವಲ್ಲವೆಂಬುದನ್ನು ಬಲ್ಲವರು ಹಾಗೆ ಬಗೆಯಲಾರರು. ಆದರೆ ಇನ್ನೊಂದು ಕಡೆಯ ಕಷ್ಟವನ್ನೂ ಮರೆಮಾಚಬಾರದು. ಬಾವಿಗೆ ಹಾರಲು ಹೊರಟವನು 'ನನಗೇನೂ ಆಗಿಲ್ಲ' ಎಂದಾಗ ಅದು ಅವನ ಮಾತೋ ಅವನ ರೋಗದ ಮಾತೋ? ಯಾವ ಕಾಯಿದೆಯೂ ಇದನ್ನು ಪೂರ್ತಿ ಬಿಡಿಸಿಲ್ಲ. ವೈದ್ಯರು ಪ್ರತಿ ರೋಗಿಯ ಮುಂದೆಯೂ ಹೊಸದಾಗಿ ಬಿಡಿಸಬೇಕು. ಇಂದು ಇಲ್ಲವೆಂದವನು ನಾಲ್ಕು ದಿನ ಕಳೆದು ಒಪ್ಪಬಹುದು. ಆದುದರಿಂದ ಒಮ್ಮೆ ಕೇಳಿ ಬಿಡದೆ ಮತ್ತೆ ಮತ್ತೆ ಕೇಳುತ್ತಿರಬೇಕು.

ವೃದ್ಧರ ವಿಷಯದಲ್ಲಿ ಅಡ್ಡಿಯಾಗಿರುವುದು ಒಂದು ಗಾದೆ: ಅರವತ್ತಕ್ಕೆ ಅರಳುಮರಳು. ವಯಸ್ಸಿಗೆ ಇದು ಸಹಜವೆಂದು ಗಾದೆ ಹೇಳಿದ ಮೇಲೆ ವೈದ್ಯರ ಬಳಿಗೆ ಹೋಗುವವರಾರು? ಅರವತ್ತು ದಾಟಿದ ಭಾರತೀಯರಲ್ಲಿ ನೂರಕ್ಕೆ ಸುಮಾರು 7 ಮಂದಿಗೆ ಮರೆವಿನ ರೋಗವಿದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಉಳಿದವರಿಗೆ ಅದಿಲ್ಲವೆಂಬುದೂ ಅಷ್ಟೇ ಮುಖ್ಯ. ವರ್ಷಗಳಿಂದ ನಿಧಾನವಾಗಿ ಬಂದ ಮರೆವು ಬೇರೆ, ಎರಡು ಮೂರು ದಿನಗಳಲ್ಲಿ ಎರಗಿದ ಸನ್ನಿ ಬೇರೆ. ಎರಡನೆಯದರ ಹಿಂದೆ ಮೂತ್ರದ ಸೋಂಕು, ಉಪ್ಪಿನಂಶದ ಏರುಪೇರು, ಯಾವುದೋ ಮಾತ್ರೆಯ ಅಡ್ಡಪರಿಣಾಮ ಇರಬಹುದು. ಅದು ಕೂಡಲೇ ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿ, ಬಹುಮಟ್ಟಿಗೆ ಗುಣವಾಗುವಂಥದು. ಇನ್ನು ಮುದುಕರ ಖಿನ್ನತೆಯು ಕಣ್ಣೀರಾಗಿ ಬರದೆ ಮೈಕೈ ನೋವಾಗಿ, ಊಟ ಸೇರದಿರುವಿಕೆಯಾಗಿ ಬರುತ್ತದೆ. ಹೆಂಡತಿ ತೀರಿಕೊಂಡ ಮೇಲೆ ಜಗುಲಿಯ ಮೂಲೆ ಹಿಡಿದ ಮುದುಕನನ್ನು ಜನ ಶಾಂತನಾದನೆಂದು ಹೊಗಳುತ್ತಾರೆ, ಅವನು ಒಳಗೆ ಬೇಯುತ್ತಿರುತ್ತಾನೆ.

ಆದಕಾರಣ ವೃದ್ಧರ ವಾರ್ಡನ್ನು ತರುಣ ರೋಗಿಗಳ ವಾರ್ಡಿನಂತೆ ನಡೆಸಲಾಗದು. ಮಂಚ ತಗ್ಗಾಗಿರಬೇಕು, ನೆಲ ಜಾರಬಾರದು, ರಾತ್ರಿ ಮಂದವಾದ ದೀಪವಿರಬೇಕು. ಔಷಧಿಯನ್ನು ಅಲ್ಪ ಪ್ರಮಾಣದಲ್ಲಿ ಆರಂಭಿಸಿ ಮೆಲ್ಲನೆ ಏರಿಸಬೇಕು. ಕನ್ನಡಕ ಕಳೆದುಹೋದ ಮುದುಕಿ ಗೊಂದಲಗೊಂಡರೆ ಮಾತ್ರೆ ಹೆಚ್ಚಿಸುವ ಮೊದಲು ಕನ್ನಡಕವನ್ನು ಹುಡುಕಬೇಕು. ಇದು ಸಣ್ಣ ಮಾತೆಂದು ತೋರಬಹುದು. ಉಣಬಡಿಸುವುದಕ್ಕೂ ಅರಿಯುವುದಕ್ಕೂ ಇರುವ ಅಂತರ ಇಂಥ ಸಣ್ಣ ಮಾತಿನಲ್ಲಿಯೇ ಇರುವುದು.

ಕಾಯಕದ ಪ್ರಶ್ನೆಯೂ ಇಲ್ಲಿ ಬಿಡುವಂತಿಲ್ಲ. ಹಿಂದೆ ಅನೇಕ ಆಶ್ರಯಗಳಲ್ಲಿ ರೋಗಿಗಳಿಂದ ಬಿಟ್ಟಿ ದುಡಿಮೆ ಮಾಡಿಸಿ ಅದನ್ನು ಚಿಕಿತ್ಸೆಯೆಂದು ಕರೆಯುತ್ತಿದ್ದರು. ಇಂದಿನ ಕಾಯಿದೆ ಬಲವಂತದ ದುಡಿಮೆಯನ್ನು ನಿಷೇಧಿಸಿ, ಮಾಡಿದ ಕೆಲಸಕ್ಕೆ ತಕ್ಕ ಕೂಲಿ ಸಲ್ಲಬೇಕೆಂದು ಹೇಳುತ್ತದೆ. ಶರಣತತ್ತ್ವವನ್ನು ಬಲ್ಲವರಿಗೆ ಇದು ಹೊಸತಲ್ಲ. ಮನಸ್ಸು ಒಪ್ಪಿ ಮಾಡಿದ್ದು ಮಾತ್ರ ಕಾಯಕ, ಅದರ ಫಲದಿಂದ ಮಾಡಿದವನನ್ನು ದೂರವಿಟ್ಟರೆ ಅದು ಜೀತ. ರೋಗಿಯು ತನ್ನ ದುಡಿಮೆಯ ನಾಲ್ಕು ಕಾಸನ್ನು ಮನೆಗೆ ಕಳುಹಿಸಿದ ದಿನ ಮನೆಯವರ ದೃಷ್ಟಿಯೂ ಬದಲಾಗುತ್ತದೆ.

ಆಸ್ಪತ್ರೆಯ ಬಾಗಿಲು ಬೆಂಗಳೂರಿನಲ್ಲಿಯೇ ಇದ್ದರೆ ಕೊಡಿಗೇನಹಳ್ಳಿಯವರ ಅಲೆದಾಟ ತಪ್ಪದು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ಈ ವಿದ್ಯೆಯನ್ನು ಕಲಿಸಿ, ಔಷಧಿಯನ್ನು ಹಳ್ಳಿಗೆ ಒಯ್ದು ನೋಡಲಾಯಿತು. 1996ರ ನಂತರ ದೇಶದ ಜಿಲ್ಲೆಗಳಲ್ಲಿ ನಡೆದ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 2014ರಲ್ಲಿ ಕರ್ನಾಟಕವು ಮನೋಚೈತನ್ಯವೆಂಬ ಹೆಸರಿನಲ್ಲಿ, ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡನ್ನು ಆರಂಭಿಸಿತು. 2022ರಲ್ಲಿ ಬಂದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಮನೆಯಿಂದಲೇ ಸಲಹೆ ಕೇಳಬಹುದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಗೃಹಸ್ಥರು ಮೊದಲು ಇವುಗಳನ್ನು ವಿಚಾರಿಸಿದರೆ ತಾಯಿತದ ಹಣವೂ ತಿಂಗಳುಗಳೂ ಉಳಿಯುತ್ತವೆ.

ಚಿಕಿತ್ಸೆ ಮುಗಿಸಿ ಊರಿಗೆ ಬಂದ ತಂದೆಯು ಹಿಂದಿನಂತಾಗಿರುವುದಿಲ್ಲ. ಸೊಸೆಯ ಹೆಸರು ಕೆಲವು ದಿನ ನೆನಪಿರುತ್ತದೆ, ಕೆಲವು ದಿನ ಇರುವುದಿಲ್ಲ. ರಾತ್ರಿಯ ಮಾತ್ರೆಯಿಂದ ನಿದ್ದೆ ಬರುತ್ತದೆ, ಮನೆಯವರಿಗೂ ಬರುತ್ತದೆ. ಹಗಲಿನಲ್ಲಿ ಅವನ ಮುಂದೆ ಒಂದು ಮೊರ ಕಡಲೆಕಾಯಿ ಇಟ್ಟರೆ ಕೈಗಳು ತಾವಾಗಿಯೇ ಸುಲಿಯತೊಡಗುತ್ತವೆ. ಬೀಜವನ್ನೂ ಸಿಪ್ಪೆಯನ್ನೂ ಅವು ಇನ್ನೂ ಬೇರೆ ಮಾಡಬಲ್ಲವು.