ನೆನಪಿದ್ದರೆ ಸಾಕೇ?

(ಒಂದೂವರೆ ವರ್ಷದ ಮೊಮ್ಮಗನ ಲಸಿಕೆಗಳನ್ನು ದಾಖಲಿಸುವ ತಾಯಿ ಕಾರ್ಡ್ ಹಿಡಿದು ಬಂದ ನಿವೃತ್ತ ಮೇಷ್ಟ್ರು, ಅವರ ಹಳೆಯ ವಿದ್ಯಾರ್ಥಿನಿ, ಈಗ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್.)

ಮೇಷ್ಟ್ರು: ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಪೆಂಟಾವೇಲೆಂಟ್ ಮೂರೂ ಆಯಿತು. ಈಗ ಮತ್ತೆ ಅದರಲ್ಲೇ ಇದ್ದ ಡಿಪಿಟಿ, ಗಂಟಲಮಾರಿ-ನಾಯಿಕೆಮ್ಮು-ಧನುರ್ವಾಯುವಿನ ಲಸಿಕೆ, ಅಂತೀಯ. ಮೈ ಕಲಿತಿದ್ದರೆ ಮತ್ತೆ ಯಾಕಮ್ಮಾ ಚುಚ್ಚಬೇಕು? ಕಲಿತಿಲ್ಲವಾದರೆ ಮೊದಲ ಮೂರೂ ದಂಡವಲ್ಲವೇ?

ಡಾಕ್ಟರ್: ಕಲಿತಿದೆ ಮೇಷ್ಟ್ರೇ. ಕಲಿತದ್ದು ಎರಡು ಕಡೆ ಉಳಿಯುತ್ತದೆ: ರಕ್ತದಲ್ಲಿ ಪ್ರತಿಕಾಯವಾಗಿ, ಮತ್ತೆ ರೋಗಾಣುವಿನ ಗುರುತು ಹಿಡಿಯುವ ನೆನಪಿನ ಜೀವಕೋಶಗಳಲ್ಲಿ. ಕೂಸುಗಳಲ್ಲಿ ಪ್ರತಿಕಾಯ ಬೇಗ ಇಳಿದುಹೋಗುತ್ತದೆ. ಅದನ್ನು ತಯಾರಿಸುವ ಕೋಶಗಳು ಅಸ್ಥಿಮಜ್ಜೆಯಲ್ಲಿ ನೆಲೆನಿಂತರೆ ವರ್ಷಗಟ್ಟಲೆ ಬದುಕುತ್ತವೆ. ಎಳೆಗೂಸಿನ ಮಜ್ಜೆ ಇನ್ನೂ ಅಂಥ ನೆಲೆ ಕೊಡಲಾರದು. ತಾಯಿಯಿಂದ ಬಂದ ಪ್ರತಿಕಾಯವೂ ಮಗುವಿನ ಸ್ವಂತ ಪ್ರತಿಕ್ರಿಯೆಯನ್ನು ತಗ್ಗಿಸುತ್ತದೆ.

ಮೇಷ್ಟ್ರು: ನೆನಪಂತೂ ಉಳಿಯಿತಲ್ಲ? ರೋಗಾಣು ಬಂದಾಗ ಅದು ಎಚ್ಚರಗೊಂಡರೆ ಸಾಲದೇ?

ಡಾಕ್ಟರ್: ಬ್ರಿಟನ್ನಿನಲ್ಲಿ ಏನಾಯಿತು ಕೇಳಿ. 1999ರಲ್ಲಿ ಅಲ್ಲಿ ಮೆನಿಂಜೊಕಾಕಸ್ ಸಿ ಲಸಿಕೆ ಶುರು ಮಾಡಿದರು. ಮಿದುಳಿನ ಪೊರೆಗೆ ಸೋಂಕು ತಗಲಿಸುವ ರೋಗಾಣು ಅದು. 2, 3, 4ನೇ ತಿಂಗಳಲ್ಲಿ ಮೂರು ಡೋಸ್, ಆಮೇಲೆ ಬಲ ತುಂಬುವ ಬೂಸ್ಟರ್ ಇಲ್ಲ. ವರ್ಷ ಕಳೆಯುವಷ್ಟರಲ್ಲಿ ಆ ಮಕ್ಕಳಲ್ಲಿ ರಕ್ಷಣೆ ಕುಸಿದಿತ್ತು. ನೆನಪಿನ ಕೋಶಗಳು ಇದ್ದವು. ಆದರೆ ಅವು ಎಚ್ಚೆತ್ತು ಸಾಕಷ್ಟು ಪ್ರತಿಕಾಯ ಸಿದ್ಧವಾಗಲು ಹಲವು ದಿನ ಬೇಕು. ಆ ರೋಗಾಣು ಅಷ್ಟು ವ್ಯವಧಾನ ಕೊಡುವುದಿಲ್ಲ. 2006ರಲ್ಲಿ, ವರ್ಷ ತುಂಬಿದಾಗ ಕೊಡುವ ಬೂಸ್ಟರನ್ನು ಸೇರಿಸಿದರು.

ಮೇಷ್ಟ್ರು: ಅಂದರೆ ತಿಳಿದಿರುವುದು ಬೇರೆ, ತಯಾರಾಗಿರುವುದು ಬೇರೆ. ಎಲ್ಲ ರೋಗಕ್ಕೂ ಹೀಗೆಯೇ?

ಡಾಕ್ಟರ್: ಇಲ್ಲ. ಹೆಪಟೈಟಿಸ್ ಬಿ ಮೈಸೇರಿ ರೋಗವಾಗಲು ವಾರಗಳು, ತಿಂಗಳುಗಳೇ ಹಿಡಿಯುತ್ತವೆ. ಅಷ್ಟರಲ್ಲಿ ನೆನಪು ತನ್ನ ಕೆಲಸ ಮುಗಿಸುತ್ತದೆ. ಆರೋಗ್ಯವಂತ ಮಗುವಿಗೆ ಅದರ ಬೂಸ್ಟರ್ ಬೇಡ. ಇವತ್ತೇ ಹಾಕುವ ದಡಾರ-ರುಬೆಲ್ಲಾ ಎರಡನೇ ಡೋಸಿನ ಕಥೆ ಇನ್ನೊಂದು: 9 ತಿಂಗಳಲ್ಲಿ ಹಾಕಿದ ದಡಾರದ ಲಸಿಕೆ ನೂರರಲ್ಲಿ ಸುಮಾರು 15 ಮಕ್ಕಳಿಗೆ ಹತ್ತುವುದೇ ಇಲ್ಲ. ಅವರಿಗಾಗಿ ಅದು.

ಮೇಷ್ಟ್ರು: ಸರಿ, ಬೂಸ್ಟರ್ ಮಾಡುವುದೇನು? ಇಳಿದದ್ದನ್ನು ತುಂಬುವುದೇ?

ಡಾಕ್ಟರ್: ಅದಕ್ಕಿಂತ ಹೆಚ್ಚು. ಮೊದಲ ಡೋಸುಗಳ ನಂತರ ದುಗ್ಧಗ್ರಂಥಿಗಳಲ್ಲಿ, ಪ್ರತಿಕಾಯಕ್ಕೆ ಮೂಲವಾದ ಬಿ ಕೋಶಗಳ ಜೀನುಗಳು ಚೂರುಚೂರೇ ಬದಲಾಗುತ್ತವೆ. ಗುರಿಗೆ ಬಿಗಿಯಾಗಿ ಅಂಟುವವು ಉಳಿಯುತ್ತವೆ, ಸಡಿಲವಾದವು ಸಾಯುತ್ತವೆ, ರೈತ ಬಿತ್ತನೆಗೆ ಗಟ್ಟಿಕಾಳು ಆರಿಸಿಕೊಂಡ ಹಾಗೆ. ತಿಂಗಳುಗಳ ಮೇಲೆ ಬೂಸ್ಟರ್ ಬಿದ್ದಾಗ, ಆಯ್ದುಳಿದವೇ ವೃದ್ಧಿಯಾಗುತ್ತವೆ. ಅಷ್ಟರಲ್ಲಿ ಮಜ್ಜೆಯೂ ಬಲಿತಿರುತ್ತದೆ. ಆ ಅಂತರ ಇರುವುದೇ ಇದಕ್ಕಾಗಿ.

ಮೇಷ್ಟ್ರು: ಇದ್ಯಾವುದೂ ಅಳುವ ಮಗುವಿಗೆ ಗೊತ್ತಾಗುವುದಿಲ್ಲ. ಅದು ಒಪ್ಪದೆ ನೋವು ಕೊಡುವ ಹಕ್ಕು ನಮಗೆ ಎಲ್ಲಿಂದ ಬಂತು?

ಡಾಕ್ಟರ್: ಹಾಕಿಸದೆ ಬಿಡುವುದಕ್ಕೂ ಅದು ಒಪ್ಪಿಲ್ಲವಲ್ಲ ಮೇಷ್ಟ್ರೇ? ಎರಡೂ ನಮ್ಮ ತೀರ್ಮಾನವೇ. ಗಂಟಲಮಾರಿ ಬಂದು, ಗಂಟಲಲ್ಲಿ ಪೊರೆ ಕಟ್ಟಿ ಉಸಿರಿಗೆ ಒದ್ದಾಡುವ ಮಗುವನ್ನೂ ಯಾರೂ ಕೇಳಿರುವುದಿಲ್ಲ.

ಮೇಷ್ಟ್ರು: ಇದಕ್ಕೆ ನನ್ನ ಹತ್ತಿರ ಮರುಮಾತಿಲ್ಲ. ಇಲ್ಲಿಗೆ ಮುಗಿಯಿತೇ?

ಡಾಕ್ಟರ್: ಇಲ್ಲ. ಇವತ್ತಿನದು 16ರಿಂದ 24 ತಿಂಗಳೊಳಗಿನ ಮೊದಲ ಬೂಸ್ಟರ್. ನಾಯಿಕೆಮ್ಮಿನ ವಿರುದ್ಧದ ರಕ್ಷಣೆ ವರ್ಷಗಳು ಕಳೆದಂತೆ ಮತ್ತೆ ಇಳಿಯುತ್ತದೆ, ಅದಕ್ಕೇ 5–6 ವರ್ಷಕ್ಕೆ ಎರಡನೆಯದು. ಮಗು ಶಾಲೆಗೆ ಹೊರಟ ಮೇಲೆ ತಾಯಿ ಕಾರ್ಡ್ ಬೀರು ಸೇರಿಬಿಡುತ್ತದೆ. ನೀವು ಹಾಗಾಗಲು ಬಿಡಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಹಾಕುತ್ತಾರೆ, ತಪ್ಪದೆ ಕರೆತನ್ನಿ. ನಿಮ್ಮ ಬೀದಿಯ ಮಕ್ಕಳ ಕಾರ್ಡನ್ನೂ ಒಮ್ಮೆ ತೆಗೆಸಿ ನೋಡಿ.