ಮನೆ ಬಿಟ್ಟವರೆಲ್ಲ ಅನಗಾರರೇ?

ಶ್ರೀ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ವ್ರತಿಯ ಲಕ್ಷಣವನ್ನು ಹೇಳಿರುವ ಕ್ರಮವು ಮನನಯೋಗ್ಯವಾದುದು. ಶಲ್ಯವಿಲ್ಲದವನೇ ವ್ರತಿಯೆಂದು ಮೊದಲು ನಿರೂಪಿಸಿ, ಆ ಬಳಿಕವೇ ಮನೆಯುಳ್ಳ ಅಗಾರಿ, ಮನೆಯನ್ನು ತೊರೆದ ಅನಗಾರ ಎಂಬ ಎರಡು ಭೇದಗಳನ್ನು ಅವರು ತಿಳಿಸಿದ್ದಾರೆ. ಶಲ್ಯವೆಂದರೆ ಒಳಹೊಕ್ಕು ನೋಯಿಸುವ ಮುಳ್ಳು. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಈ ಮುಳ್ಳುಗಳನ್ನು ಕಿತ್ತವನು ಮನೆಯಲ್ಲಿದ್ದರೂ ವ್ರತಿಯಾಗಬಲ್ಲನು; ಕೀಳದವನು ಘೋರಾರಣ್ಯವನ್ನು ಹೊಕ್ಕರೂ ವ್ರತಿಯಾಗಲಾರನು. ಮನೆಯ ಪ್ರಶ್ನೆ ಎರಡನೆಯದು, ಮುಳ್ಳಿನ ಪ್ರಶ್ನೆಯೇ ಮೊದಲನೆಯದು.

ಈ ಮಾತಿನ ಆಳವನ್ನು ಅರಿಯಲು ಪರದೇಶದ ಒಬ್ಬ ಯುವಕನ ಕಥೆಯು ನೆರವಾಗುತ್ತದೆ. 2007ರಲ್ಲಿ ಶಾನ್ ಪೆನ್ ಎಂಬುವರು ನಿರ್ದೇಶಿಸಿದ ‘ಇನ್‌ಟು ದಿ ವೈಲ್ಡ್’ ಎಂಬ ಅಮೆರಿಕದ ಚಲನಚಿತ್ರವು ನಡೆದ ಸಂಗತಿಯನ್ನೇ ಆಧರಿಸಿದುದು. ಜಾನ್ ಕ್ರಾಕೌರ್ ಅವರು 1996ರಲ್ಲಿ ಬರೆದ ಗ್ರಂಥವೇ ಅದಕ್ಕೆ ಮೂಲ. ಕ್ರಿಸ್ಟೋಫರ್ ಮ್ಯಾಕ್‌ಕ್ಯಾಂಡ್‌ಲೆಸ್ ಎಂಬ ಸ್ಥಿತಿವಂತರ ಮನೆಯ ತರುಣನು 1990ರಲ್ಲಿ ವಿಶ್ವವಿದ್ಯಾಲಯದ ಪದವಿಯನ್ನು ಪಡೆದನು. ತನ್ನಲ್ಲಿ ಉಳಿದಿದ್ದ ಸುಮಾರು 24,000 ಡಾಲರುಗಳನ್ನು ಹಸಿದವರ ಸೇವೆಗೆಂದು ದಾನಮಾಡಿದನು. ಕಾರನ್ನು ಮರುಭೂಮಿಯಲ್ಲಿ ಬಿಟ್ಟನು. ಕೈಯಲ್ಲಿದ್ದ ನೋಟುಗಳನ್ನು ಸುಟ್ಟನು. ಹೆಸರನ್ನೂ ಬದಲಿಸಿಕೊಂಡು ಊರೂರು ಅಲೆದನು. 1992ರ ಏಪ್ರಿಲ್‌ನಲ್ಲಿ ಅಲಾಸ್ಕದ ನಿರ್ಜನ ಪ್ರದೇಶವನ್ನು ಒಬ್ಬನೇ ಹೊಕ್ಕು, ಅಲ್ಲಿ ಪಾಳುಬಿದ್ದಿದ್ದ ಹಳೆಯ ಬಸ್ಸೊಂದರಲ್ಲಿ ನೆಲಸಿದನು.

ಇಷ್ಟನ್ನು ಕೇಳಿದ ಶ್ರಾವಕನ ಮನಸ್ಸು ತಲೆದೂಗದೆ ಇರದು. ಇಪ್ಪತ್ತೆರಡರ ಪ್ರಾಯದಲ್ಲಿ ಧನದ ಮೋಹವನ್ನು ಕೊಡಹುವುದು ಸಾಮಾನ್ಯವಲ್ಲ. ಆದರೆ ಮುಂದಿನ ಕಥೆಯು ಬೇರೆಯ ದಾರಿಯನ್ನು ಹಿಡಿಯುತ್ತದೆ. ತಂದೆಯು ತನ್ನ ಮೊದಲ ದಾಂಪತ್ಯದ ನಿಜವನ್ನು ಮರೆಮಾಚಿದ್ದನೆಂಬುದು ಮಗನಿಗೆ ತಿಳಿದು, ಆ ನೋವು ಎದೆಯಲ್ಲಿ ಕಲ್ಲಾಗಿತ್ತು. ಅವನು ತಾಯಿತಂದೆಗಳಿಗೆ ಹೇಳಿ ಹೊರಡಲಿಲ್ಲ; ಎಲ್ಲಿರುವನೆಂದು ಒಂದು ಸಾಲನ್ನೂ ಬರೆಯಲಿಲ್ಲ. ದಾರಿಯಲ್ಲಿ ದೊರೆತ ವೃದ್ಧನೊಬ್ಬನು ಕ್ಷಮೆಯ ಹಿರಿಮೆಯನ್ನು ತಿಳಿಯಹೇಳಿ, ಮೊಮ್ಮಗನಾಗಿ ದತ್ತು ತೆಗೆದುಕೊಳ್ಳುವೆನೆಂದಾಗ, ಹಿಂದಿರುಗಿದ ಮೇಲೆ ಮಾತನಾಡೋಣವೆಂದು ಮುಂದೂಡಿದನು.

ಅರಣ್ಯದಲ್ಲಿ ಅವನ ಜೀವನವು ಬಂದೂಕಿನ ಮೇಲೆ ನಿಂತಿತು. ಅಳಿಲು, ಹಕ್ಕಿಗಳ ಬಳಿಕ ಜೂನ್ ತಿಂಗಳಲ್ಲಿ ಮೂಸ್ ಎಂಬ ಭಾರಿ ಜಿಂಕೆಯ ಜಾತಿಯ ಪ್ರಾಣಿಯನ್ನು ಕೊಂದನು. ಮಾಂಸವು ಕೆಟ್ಟುಹೋಗಲು, ಆ ಜೀವವನ್ನು ತೆಗೆಯಬಾರದಿತ್ತೆಂದು ಪರಿತಪಿಸಿದನು. ಪ್ರಾಣಿವಧೆಯು ತನಗೇ ಇರಿಯುವುದೆಂಬ ಸತ್ಯವನ್ನು ಅವನಿಗೆ ಯಾವ ಗುರುವೂ ಬೋಧಿಸಿರಲಿಲ್ಲ. ಅವನ ಹೃದಯವೇ ಹೇಳಿತು. ಜುಲೈನಲ್ಲಿ ಮರಳಲು ಹೊರಟಾಗ, ಬರುವಾಗ ದಾಟಿದ್ದ ಟೆಕ್ಲಾನಿಕ ನದಿಯು ಹಿಮ ಕರಗಿ ತುಂಬಿ ಹರಿಯುತ್ತಿತ್ತು. ಬಸ್ಸಿಗೇ ಹಿಂದಿರುಗಿದನು. ಆಗಸ್ಟ್‌ನಲ್ಲಿ, 24ನೆಯ ವಯಸ್ಸಿನಲ್ಲಿ, ದೇಹವು ಸುಮಾರು 30 ಕಿಲೋಗ್ರಾಂಗೆ ಇಳಿದು ಅಸುನೀಗಿದನು. ಸುಖವು ಹಂಚಿಕೊಂಡಾಗಲೇ ನಿಜವೆಂಬ ಅರ್ಥದ ಮಾತೊಂದನ್ನು ತಾನೋದುತ್ತಿದ್ದ ಪುಸ್ತಕದ ಅಂಚಿನಲ್ಲಿ ಬರೆದಿಟ್ಟಿದ್ದನು. ಕಡೆಯ ಗಳಿಗೆಯಲ್ಲಿ ಅವನು ತಾಯಿತಂದೆಗಳನ್ನು ಅಪ್ಪಿಕೊಳ್ಳುವಂತೆ ಭಾವಿಸಿಕೊಳ್ಳುವುದನ್ನು ಚಿತ್ರವು ತೋರಿಸುತ್ತದೆ.

ಜೈನ ಮನೆತನದವರಿಗೆ ಇದು ಅಪರಿಚಿತ ಕಥೆಯಲ್ಲ. ಆದಿತೀರ್ಥಂಕರ ವೃಷಭನಾಥರು ದೀಕ್ಷೆಯನ್ನು ಕೈಕೊಂಡಾಗ 4,000 ಅರಸರು ಸ್ವಾಮಿಭಕ್ತಿಯೊಂದರಿಂದಲೇ, ದೀಕ್ಷೆಯ ಮರ್ಮವನ್ನರಿಯದೆ, ನಗ್ನರಾಗಿ ಹಿಂಬಾಲಿಸಿದರೆಂದು ಆದಿಪುರಾಣವು ಹೇಳುತ್ತದೆ. ಭಗವಂತರು ಆರು ತಿಂಗಳ ಅನಶನವನ್ನು ಸಂಕಲ್ಪಿಸಿ ಮೇರುವಿನಂತೆ ನಿಂತರು. ಅರಸರೋ ಹಸಿವನ್ನು ತಾಳಲಾರದೆ, ಭರತನ ಭಯದಿಂದ ಮನೆಗೂ ಮರಳಲಾರದೆ, ಕಂದಮೂಲಗಳಿಗೆ ಕೈನೀಡಿದರು. ದಿಗಂಬರ ಮುದ್ರೆಯಲ್ಲಿ ಹಾಗೆ ಮಾಡಲಾಗದೆಂದು ವನದೇವತೆಗಳು ತಡೆಯಲು, ನಾರುಡೆಯನ್ನುಟ್ಟರು. ಕಾಡು ಒಂದೇ, ಹಸಿವೂ ಒಂದೇ; ಒಬ್ಬರಿಗೆ ಅದು ತಪಸ್ಸಾಯಿತು, ಉಳಿದವರಿಗೆ ಬರಿಯ ಸಂಕಟವಾಯಿತು. ಪಂಚೇಂದ್ರಿಯಗಳು ವಿಷಯಗಳಿಂದ ಹಿಮ್ಮೆಟ್ಟಿ ಆತ್ಮನ ಸಮೀಪದಲ್ಲಿ ನೆಲಸುವುದೇ ಉಪವಾಸ. ಅರಿತು, ಸಂಕಲ್ಪಿಸಿ, ಶಾಂತಭಾವದಿಂದ ಸ್ವೀಕರಿಸಿದ ಹಸಿವು ನಿರ್ಜರೆಗೆ ಕಾರಣವಾದರೆ, ಬೇರೆ ಗತಿಯಿಲ್ಲದೆ ಮೇಲೆರಗಿದ ಹಸಿವು ಆರ್ತಧ್ಯಾನಕ್ಕೆ ಕಾರಣವಾಗುತ್ತದೆ.

ಇನ್ನೊಂದು ಅಂಶವೂ ಗಮನಾರ್ಹ. ಅನಶನವು ಮುಗಿದ ಬಳಿಕ ಭಗವಂತರು ಆಹಾರಕ್ಕಾಗಿ ನಾಡಿಗೇ ಬಂದರು. ವಿಧಿಯನ್ನರಿಯದ ಜನರು ರತ್ನಗಳನ್ನೂ ಆನೆಗಳನ್ನೂ ತಂದೊಪ್ಪಿಸಿದರು. ಮತ್ತೆ ತಿಂಗಳುಗಳು ಉರುಳಿದ ಮೇಲೆ ಹಸ್ತಿನಾಪುರದಲ್ಲಿ ಶ್ರೇಯಾಂಸನು ಕಬ್ಬಿನ ಹಾಲನ್ನು ಅರ್ಪಿಸಿದ ದಿನವೇ ಅಕ್ಷಯ ತೃತೀಯಾ. ಸರ್ವಸಂಗವನ್ನು ತೊರೆದ ಮುನಿಯೂ ಶ್ರಾವಕನ ಅಂಗಳದಲ್ಲಿ ಕರಪಾತ್ರೆಯನ್ನೊಡ್ಡುತ್ತಾನೆ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ, ಶ್ರಾಮಣ್ಯಕ್ಕೆ ಹೊರಡುವವನು ಬಂಧುವರ್ಗದಿಂದ ಬೀಳ್ಕೊಂಡು ಹೋಗುವ ಕ್ರಮವನ್ನು ತಿಳಿಸಿದ್ದಾರೆ. ನಮ್ಮ ಧರ್ಮದಲ್ಲಿ ಮನೆಯನ್ನು ಬಿಡುವುದು ಓಡಿಹೋಗುವುದಲ್ಲ. ಋಣವನ್ನು ಶಾಂತಿಯಿಂದ ಮುಗಿಸಿ ಹೊರಡುವುದು.

ದಶಲಕ್ಷಣ ಧರ್ಮದಲ್ಲಿ ಉತ್ತಮ ಕ್ಷಮೆಯು ಮೊದಲನೆಯದು. ತಪವು ಏಳನೆಯದು, ತ್ಯಾಗವು ಎಂಟನೆಯದು, ಆಕಿಂಚನ್ಯವು ಒಂಬತ್ತನೆಯದು. ಆ ತರುಣನು ಎಂಟು ಒಂಬತ್ತರಿಂದ ಹೊರಟು, ಮೊದಲನೆಯದರ ಬಾಗಿಲಿಗೆ ಕಟ್ಟಕಡೆಯಲ್ಲಿ ಬಂದು ನಿಂತನು. ಅಷ್ಟರಲ್ಲಿ ಹೊಳೆ ತುಂಬಿತ್ತು. ಅವನನ್ನು ನಿಂದಿಸುವ ಅಧಿಕಾರವು ಯಾರಿಗೂ ಇಲ್ಲ. ಅವನಿಗೆ ಕ್ರಮವನ್ನು ಹೇಳಿಕೊಡುವವರಿರಲಿಲ್ಲ. ಪರ್ವದ ಮೊದಲ ದಿನವೇ ಆ ಪಾಠವನ್ನು ಕೇಳುವ ನಮ್ಮ ಮನೆಗಳ ಸ್ಥಿತಿಯೇನು? ಅಷ್ಟಾಹ್ನಿಕದ ಎಂಟು ದಿನವೂ ಉಪವಾಸವಿದ್ದು ಓರಗಿತ್ತಿಯೊಡನೆ ಮಾತು ಬಿಟ್ಟಿರುವವರುಂಟು. ಚತುರ್ದಶಿಯ ಪ್ರೋಷಧವನ್ನು ತಪ್ಪದೆ ಆಚರಿಸಿ, ಇಚ್ಛೆಗೆ ಮೀರಿ ವಿವಾಹವಾದ ಮಗನಿಗೆ ಹೊಸ್ತಿಲನ್ನು ಮುಚ್ಚಿದ ತಂದೆಯರುಂಟು. ಅವರ ಹೊಟ್ಟೆ ಬರಿದಾಗಿದೆ, ಎದೆ ಬರಿದಾಗಿಲ್ಲ. ಬಳ್ಳಿಗಳು ಮೈಗೆ ಹಬ್ಬುವಂತೆ ಒಂದು ವರ್ಷ ನಿಂತ ಬಾಹುಬಲಿ ಸ್ವಾಮಿಗೂ, ತನ್ನಿಂದ ಅಣ್ಣನಿಗೆ ನೋವಾಯಿತೆಂಬ ಅಳುಕು ನೀಗಿ, ಭರತನು ಬಂದು ಪೂಜಿಸಿದ ಮೇಲೆಯೇ ಕೇವಲಜ್ಞಾನವಾಯಿತು.

ಆದುದರಿಂದ ವ್ರತವನ್ನು ಹಿಡಿಯುವ ಶ್ರಾವಕ ಶ್ರಾವಿಕೆಯರು ಧಾರಣೆಯ ದಿನದಂದು ಏಕಭುಕ್ತಕ್ಕೆ ಕುಳಿತುಕೊಳ್ಳುವ ಮೊದಲೇ, ಮನಸ್ಸು ಮುರಿದವರ ಬಳಿಗೆ ಹೋಗಲಿ. ಹೋಗಲಾಗದಿದ್ದರೆ ನಾಲ್ಕು ಸಾಲು ಬರೆಯಲಿ. ಮನೆಯ ತರುಣನೊಬ್ಬನು ಸಂಸಾರವು ಸಾಕೆಂದರೆ, ಹಿರಿಯರು ಅವನನ್ನು ಗದರಿಸದೆ, ಹೊಗಳಿ ಅಟ್ಟಕ್ಕೂ ಏರಿಸದೆ, ಪಕ್ಕದಲ್ಲಿ ಕುಳಿತು ಇದು ವೈರಾಗ್ಯವೋ ನೋವೋ ಎಂದು ಮೆಲ್ಲನೆ ವಿಚಾರಿಸಲಿ. ನೋವಾದರೆ ಅದರಲ್ಲಿ ತಮ್ಮ ಪಾಲೆಷ್ಟೆಂದು ಮೊದಲು ನೋಡಿಕೊಳ್ಳಲಿ.

ಮಾರ್ಗತಪ್ಪಿದ ಆ ಅರಸರಲ್ಲಿ ಮರೀಚಿಯೊಬ್ಬನನ್ನುಳಿದು ಇತರರು, ಭಗವಂತರಿಗೆ ಕೇವಲಜ್ಞಾನವಾದ ಮೇಲೆ ತತ್ತ್ವವನ್ನರಿತು ಮತ್ತೆ ದೀಕ್ಷೆಯನ್ನು ಪಡೆದರು. ಅವರಿಗೆ ಮರಳುವ ದಾರಿಯು ತೆರೆದಿತ್ತು. ನಮಗೂ ಅದು ಇಂದು ತೆರೆದಿದೆ. ಹೊಳೆ ತುಂಬುವ ಮೊದಲೇ ದಾಟುವುದು ವಿವೇಕ.