ಮೌನವೂ ಪ್ರಮಾಣವೇ?

ಕಳೆದ ವರ್ಷದ ಭರಣಿ ಮಳೆಯ ಮೊದಲ ಸಂಜೆ, ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಗುಲ್‌ಮೊಹರ್ ಮರದ ಕೊಂಬೆಯೊಂದು ಮುರಿದು, ಮರದಿಂದ ಕಂಬಕ್ಕೂ ಕಂಬದಿಂದ ಮಹಡಿಗೂ ಜೋಲುತ್ತಿದ್ದ ಕಪ್ಪು ಕೇಬಲ್ಲುಗಳ ಜಟೆಯ ಮೇಲೆ ಬಿದ್ದ ಹೊತ್ತಿನಲ್ಲಿ, ನಾನು ಹಳೆಯ ಸ್ನೇಹಿತರೊಬ್ಬರೊಡನೆ ದೇವರಿದ್ದಾನೆಯೇ ಇಲ್ಲವೇ ಎಂಬ ವಿಚಾರವಾಗಿ ಮಾತನಾಡುತ್ತ ಕುಳಿತಿದ್ದೆನು. ವಿಚಾರವನ್ನು ಎತ್ತಿದವರು ಅವರೇ. ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷಕಾಲ ಲೇತ್ ಯಂತ್ರದ ಮುಂದೆ ನಿಂತು, ನಿವೃತ್ತರಾದ ಮೇಲೆ ಕೆಂಗೇರಿ ಉಪನಗರದಲ್ಲಿ ನೆಲೆಸಿರುವ ಅವರು, ಕಬ್ಬಿಣದಲ್ಲಿ ಹೇಗೋ ಮಾತಿನಲ್ಲಿಯೂ ಹಾಗೆಯೇ ಅಳತೆ ತಪ್ಪುವವರಲ್ಲ. ಅವರ ಪತ್ನಿ ಹನ್ನೊಂದು ತಿಂಗಳು ಹಾಸಿಗೆ ಹಿಡಿದು ತೀರಿಕೊಂಡಿದ್ದರು. “ಹನ್ನೊಂದು ತಿಂಗಳು ಕರೆದೆ ಸ್ವಾಮಿ. ಒಂದು ಸಲವೂ ಓಗೊಡಲಿಲ್ಲ. ಅಲ್ಲಿ ಯಾರೂ ಇಲ್ಲ, ಅಷ್ಟೆ” ಎಂದರು. ಶವಸಂಸ್ಕಾರಕ್ಕೆ ಬಂದಿದ್ದ ಬಂಧುಮಿತ್ರರು ಮಾತ್ರ ಬೇರೊಂದು ಸಮಾಧಾನ ಹೇಳಿದ್ದರು: ಕರೆದ ಭಕ್ತಿಯಲ್ಲಿಯೇ ಏನೋ ಕೊರತೆಯಿದ್ದಿರಬೇಕು ಎಂದು.

ನಾನು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮೊಮ್ಮಗಳು ಬಾಗಿಲಲ್ಲಿ ನಿಂತು, “ತಾತ, ನೆಟ್ ಹೋಯ್ತು” ಎಂದಳು.

ಗೋಡೆಯ ಮೇಲಿನ ರೂಟರಿನಲ್ಲಿ ಎಂದೂ ಹಸಿರಾಗಿರತಕ್ಕ ದೀಪ ನಂದಿ, ಅದರ ಪಕ್ಕದಲ್ಲಿ ‘ಲಾಸ್’ ಎಂದು ಹುಡುಗರು ಕರೆಯುವ ಕೆಂಪು ದೀಪ ಮಿಣುಕುತ್ತಿತ್ತು. ಕಂಪನಿಯ ಸಹಾಯವಾಣಿಗೆ ಫೋನು ಮಾಡಿದರೆ, ಮುದ್ರಿತವಾದ ಹೆಂಗಸಿನ ಧ್ವನಿಯೊಂದು, ರೂಟರನ್ನು ಆರಿಸಿ ಮೂವತ್ತು ಸೆಕೆಂಡು ಬಿಟ್ಟು ಹಚ್ಚಿ, ಕೇಬಲ್ ಸಡಿಲವಾಗಿದೆಯೇ ನೋಡಿ, ಪಾಸ್‌ವರ್ಡ್ ಸರಿಯಿದೆಯೇ ನೋಡಿ ಎಂದು ಉಪದೇಶಿಸಿತು. ದೋಷವೆಂಬುದು ಕರೆದವನಲ್ಲಿಯೇ ಇರತಕ್ಕದ್ದು ಎಂಬ ಸಿದ್ಧಾಂತದ ಮೇಲೆ ಆ ಉಪದೇಶವೆಲ್ಲ ನಿಂತಿದ್ದಿತು. ಮೂರು ಸಲ ಆರಿಸಿ ಹಚ್ಚಿದೆವು. ಕೆಂಪು ದೀಪ ಕೆಂಪಾಗಿಯೇ ಉಳಿಯಿತು. ಮಳೆ ಬಿಡಲಿಲ್ಲ, ಸ್ನೇಹಿತರು ಆ ರಾತ್ರಿ ನಮ್ಮಲ್ಲಿಯೇ ಉಳಿದರು. ಮಾತು ಹನ್ನೊಂದು ಗಂಟೆಯವರೆಗೆ ನಡೆಯಿತು; ಅದರ ಅರ್ಧ ರೂಟರಿನದು, ಅರ್ಧ ದೇವರದು, ಮತ್ತು ಯಾವ ಅರ್ಧ ಎಲ್ಲಿ ಮುಗಿಯಿತೆಂಬುದು ಈಗ ನನಗೆ ನೆನಪಿಲ್ಲ.

ಎಚ್ಚೆತ್ತ ರೂಟರು ಮಾಡುವ ಮೊದಲ ಕೆಲಸ ಕರೆಯುವುದು. ನಮ್ಮಲ್ಲಿ ಅನೇಕ ಮನೆಗಳ ಸಂಪರ್ಕಕ್ಕೆ ಆಧಾರವಾಗಿರುವ, 1999ರಲ್ಲಿ ಪ್ರಕಟವಾದ ಪಿಪಿಪಿಓಇ ಎಂಬ ಕಟ್ಟಳೆಯ ಪ್ರಕಾರ, ಆಚೆಯ ತುದಿಯಲ್ಲಿರುವ ಯಂತ್ರದ ವಿಳಾಸವನ್ನರಿಯದ ರೂಟರು, ಯಾರೆಂದು ಹೆಸರಿಸದೆ, ಕೇಳಬಲ್ಲ ಎಲ್ಲರಿಗೂ ಒಂದು ಕೂಗು ಹಾಕುತ್ತದೆ: ನನ್ನನ್ನು ಒಳಗೆ ಬಿಟ್ಟುಕೊಳ್ಳುವವರು ಯಾರಾದರೂ ಇದ್ದೀರಾ ಎಂಬುದು ಅದರ ತಾತ್ಪರ್ಯ. ಇದ್ದವನು ‘ಇದ್ದೇನೆ’ ಎನ್ನುತ್ತಾನೆ. ಆ ಬಳಿಕ ಬೇಡಿಕೆ, ಒಪ್ಪಿಗೆ, ಹೆಸರು, ಗುಪ್ತಪದಗಳ ವಿಚಾರಣೆ. ಪಾಸ್‌ವರ್ಡ್ ತಪ್ಪಿದರೆ ಒಳಗೆ ಬಿಡುವುದಿಲ್ಲವೆಂಬ ಮಾತು ಬರುತ್ತದೆ. ಆದರೆ ತಿರಸ್ಕಾರವೂ ಉತ್ತರವೇ, ತಿರಸ್ಕರಿಸಿದವನೊಬ್ಬ ಇದ್ದಾನೆಂಬುದು ಅದರಿಂದಲೇ ಸಿದ್ಧ. ಕಷ್ಟವಿರುವುದು ಏನೂ ಬಾರದಿದ್ದಾಗ. (ವಿಳಾಸ ಕೊಡುವವರು ಸಿಕ್ಕದಿದ್ದರೆ ಕೆಲವು ಕಂಪ್ಯೂಟರುಗಳು 169.254 ಎಂದು ಆರಂಭವಾಗುವ ವಿಳಾಸವೊಂದನ್ನು ತಮಗೆ ತಾವೇ ಕೊಟ್ಟುಕೊಂಡು ಕುಳಿತುಬಿಡುತ್ತವೆ. ಗುರುವಿಲ್ಲದೆ ತಾವೇ ಬಿರುದು ಧರಿಸಿದ ಮಹಾನುಭಾವರನ್ನು ನಾನು ಮನುಷ್ಯರಲ್ಲಿಯೂ ಕಂಡಿದ್ದೇನೆ. ಅವರ ವಿಳಾಸಕ್ಕೂ ಬೀದಿಯಾಚೆ ಬೆಲೆಯಿಲ್ಲ.)

ಏನೂ ಬಾರದಿರುವುದು ಏನನ್ನು ಸಾಧಿಸುತ್ತದೆ? ಈ ಪ್ರಶ್ನೆ ನಮ್ಮ ದೇಶದಲ್ಲಿ ಬಹಳ ಹಳೆಯದು. ಏಳನೆಯ ಶತಮಾನದ ಮೀಮಾಂಸಕ ಕುಮಾರಿಲಭಟ್ಟನ ಪಂಥದವರು, ಇಲ್ಲದಿರುವಿಕೆಯನ್ನು ತಿಳಿಸುವುದಕ್ಕೆ ಅನುಪಲಬ್ಧಿಯೆಂಬ ಪ್ರತ್ಯೇಕ ಪ್ರಮಾಣವನ್ನೇ ಒಪ್ಪಿದರು. ಅದ್ವೈತಿಗಳೂ ಅದನ್ನು ಸ್ವೀಕರಿಸಿದರು. ನೆಲದ ಮೇಲೆ ಗಡಿಗೆ ಕಾಣಲಿಲ್ಲ, ಆದುದರಿಂದ ಗಡಿಗೆಯಿಲ್ಲ. ಆದರೆ ಆ ಶಾಸ್ತ್ರಕಾರರು ನಮ್ಮಷ್ಟು ಆತುರಗಾರರಲ್ಲವಾದುದರಿಂದ ಅದಕ್ಕೊಂದು ನಿಬಂಧನೆಯನ್ನು ಸೇರಿಸಿದರು: ಆ ಅನುಪಲಬ್ಧಿ ಯೋಗ್ಯವಾಗಿರಬೇಕು. ಎಂದರೆ, ಗಡಿಗೆ ಅಲ್ಲಿದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಹ ಬೆಳಕೂ ಕಣ್ಣೂ ಸನ್ನಿವೇಶವೂ ಇದ್ದಾಗ ಮಾತ್ರ ಕಾಣದಿರುವಿಕೆ ಪ್ರಮಾಣ. ಕತ್ತಲೆಯ ಕೋಣೆಯಲ್ಲಿ ಕಾಣದ ಗಡಿಗೆಯನ್ನು ಇಲ್ಲವೆನ್ನಲಾಗದು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಕೆಂಪು ದೀಪವನ್ನು ನೋಡಿದಾಗ ನನಗೆ ಅದರ ಮೇಲೆ ಗೌರವ ಹುಟ್ಟಿತು. ಆ ಕಪ್ಪು ಕೇಬಲ್ಲಿನೊಳಗಿನ ಗಾಜಿನ ಎಳೆಯಲ್ಲಿ ಮನೆಯತ್ತ ಬರುವ ಬೆಳಕಿನ ಅಲೆಯುದ್ದ 1490 ನ್ಯಾನೋಮೀಟರು. ನಮ್ಮ ಕಣ್ಣಿಗೆ ಅದು ಎಂದೂ ಕಾಣತಕ್ಕದ್ದಲ್ಲ. ಅದು ಇದ್ದಾಗಲೂ ನಮಗೆ ಕತ್ತಲೆ, ಇಲ್ಲದಾಗಲೂ ಕತ್ತಲೆ. ಆದುದರಿಂದ ಅದರ ವಿಷಯದಲ್ಲಿ ನಮ್ಮ ಕಣ್ಣಿನ ಸಾಕ್ಷ್ಯಕ್ಕೆ ಯಾವ ಬೆಲೆಯೂ ಇಲ್ಲ. ರೂಟರಿನೊಳಗಿನ ಗ್ರಾಹಕವಾದರೋ ಆ ಒಂದು ಬೆಳಕಿಗಾಗಿಯೇ ಮಾಡಲ್ಪಟ್ಟದ್ದು. ಅದು ಕಾಣಲಿಲ್ಲವೆಂದರೆ ಬೆಳಕು ತನ್ನವರೆಗೆ ಬಂದಿಲ್ಲವೆಂದೇ ಅರ್ಥ. ಬೇರೆ ದೀಪಗಳೆಲ್ಲ ಇರುವುದನ್ನು ಬೆಳಗಿದರೆ ಈ ಒಂದು ದೀಪ ಇಲ್ಲದ್ದನ್ನು ಬೆಳಗುತ್ತದೆ.

ಇದಕ್ಕೆ ವಿರುದ್ಧವಾದದ್ದು ವೈ-ಫೈ. ಇರುವ ವಸ್ತುವೇ ಏಕೆ ಕಾಣದೆ ಹೋಗುತ್ತದೆಂಬುದಕ್ಕೆ ಈಶ್ವರಕೃಷ್ಣನು ಸಾಂಖ್ಯಕಾರಿಕೆಯಲ್ಲಿ ಎಂಟು ಕಾರಣಗಳನ್ನು ಕೊಟ್ಟಿದ್ದಾನೆ: ಅತಿದೂರ, ಅತಿಸಾಮೀಪ್ಯ, ಇಂದ್ರಿಯದ ಊನ, ಮನಸ್ಸಿನ ಚಾಂಚಲ್ಯ, ಸೂಕ್ಷ್ಮತೆ, ಅಡ್ಡಿ, ಪ್ರಬಲವಾದುದರಿಂದ ಆಗುವ ಅಭಿಭವ, ಸಮಾನವಾದುದರೊಡನೆ ಬೆರೆತುಹೋಗುವಿಕೆ. ವಿಜಯನಗರದ ಮೂವತ್ತು-ನಲವತ್ತರ ನಿವೇಶನಗಳಲ್ಲಿ ಗೋಡೆಗೆ ಗೋಡೆ ತಾಗಿಸಿ ನಾಲ್ಕು ಅಂತಸ್ತು ಕಟ್ಟಿರುವ ಬೀದಿಯಲ್ಲಿ ಕೆಲಸ ಮಾಡುವ ರಿಪೇರಿಯವನಿಗೆ ಈ ಪಟ್ಟಿಯನ್ನು ಓದಿ ಹೇಳಿದರೆ, ಇದನ್ನು ಬರೆದಾತನು ತನ್ನ ಹಾಗೆಯೇ ಮೆಟ್ಟಿಲು ಹತ್ತಿ ಇಳಿದವನೆಂದೇ ಅವನು ತಿಳಿದಾನು. ಹಿಂದಿನ ಕೋಣೆಗೆ ಸಿಗ್ನಲ್ ತಲುಪದಿರುವುದು ದೂರದಿಂದ. ಗಿಲಾವು ಮಾಡಿದ ಕಾಂಕ್ರೀಟು ಗೋಡೆಯಿಂದಾದದ್ದು ಅಡ್ಡಿ. ಅಡುಗೆಮನೆಯ ಮೈಕ್ರೋವೇವ್ ಒಲೆ ಹಚ್ಚಿದೊಡನೆ 2.4 ಗಿಗಾಹರ್ಟ್ಸಿನ ಸಿಗ್ನಲ್ ಸೊರಗುವುದು, ಹಗಲಿನಲ್ಲಿ ನಕ್ಷತ್ರ ಕಾಣದಿರುವಂತಹ ಅಭಿಭವ. ಇನ್ನು ಆ ಪಟ್ಟೆಯಲ್ಲಿ ಒಂದನ್ನೊಂದು ತುಳಿಯದ ಚಾನೆಲ್ಲುಗಳು ಒಂದು, ಆರು, ಹನ್ನೊಂದು ಎಂಬ ಮೂರೇ ಆಗಿರುವಲ್ಲಿ, ಇಪ್ಪತ್ತು ಮನೆಗಳ ರೂಟರುಗಳು ಅವುಗಳಲ್ಲಿಯೇ ನುಗ್ಗಿದರೆ ನಮ್ಮದು ಹೆಸರುಕಾಳಿನ ರಾಶಿಗೆ ಬಿದ್ದ ಹೆಸರುಕಾಳು. ವಸ್ತು ಇದ್ದೇ ಇದೆ, ಉಪಲಬ್ಧಿ ಮಾತ್ರ ಇಲ್ಲ. ಪಿಂಗ್ ಎಂಬ ಪರೀಕ್ಷೆಗೆ ಉತ್ತರ ಕೊಡಬಾರದೆಂದೇ ಕೆಲವು ಯಂತ್ರಗಳನ್ನು ಅವುಗಳ ಒಡೆಯರು ಅಳವಡಿಸಿರುತ್ತಾರೆಂಬುದನ್ನೂ ಇಲ್ಲಿ ಸೇರಿಸಬೇಕು. ಅವು ಕೆಲಸದಲ್ಲಿ ನಿರತವಾಗಿವೆ, ಮಾತನಾಡಿಸಿದರೆ ಮಾತನಾಡವು.

ಸ್ನೇಹಿತರಿಗೆ ನಾನು ಈ ಭಾಗವನ್ನು ಸ್ವಲ್ಪ ಗೆಲುವಿನಿಂದಲೇ ಹೇಳಿದೆನೆಂದು ಒಪ್ಪಿಕೊಳ್ಳಬೇಕು. ಹನ್ನೊಂದು ತಿಂಗಳ ಮೌನದಿಂದ ‘ಅಲ್ಲಿ ಯಾರೂ ಇಲ್ಲ’ ಎಂಬುದು ಸಿದ್ಧಿಸುವುದಿಲ್ಲ. ಆ ಅನುಪಲಬ್ಧಿ ಯೋಗ್ಯವೆಂಬುದನ್ನು ಮೊದಲು ತೋರಿಸಬೇಕು ಎಂದೆನು. ಅವರು ತುಸು ಹೊತ್ತು ಸುಮ್ಮನಿದ್ದು, “ಸರಿ. ಈ ಡಬ್ಬಿಗೆ ಕೆಂಪು ದೀಪ ಇದೆ. ನಿಮ್ಮ ದೇವರಿಗೆ ಯಾವುದು ಸ್ವಾಮಿ? ಏನಾದರೆ ಇಲ್ಲ ಅಂತ ಒಪ್ಪುತ್ತೀರಿ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಯಾವ ಮೌನವೂ ಅಭಾವಕ್ಕೆ ಸಾಕ್ಷಿಯಾಗದಂತಹ ವಸ್ತುವಿನ ವಿಷಯದಲ್ಲಿ, ಯಾವ ಸದ್ದೂ ಭಾವಕ್ಕೆ ಸಾಕ್ಷಿಯಾಗುವುದು ಕಷ್ಟವೇ. ನಂಬಿದವರು ಈ ತಕ್ಕಡಿಯ ಒಂದು ತಟ್ಟೆಯನ್ನು ಮಾತ್ರ ಹಿಡಿದು ತೂಗುತ್ತೇವೆ.

ಮರುದಿನ ಬೆಳಗ್ಗೆ ಏಣಿಯನ್ನು ಹೆಗಲ ಮೇಲಿಟ್ಟುಕೊಂಡು ಹುಡುಗನೊಬ್ಬ ಬಂದನು. ರೂಟರನ್ನು ಆರಿಸಿ ಹಚ್ಚಿ ಎಂದು ಅವನು ಹೇಳಲಿಲ್ಲ. ಕೆಂಪು ದೀಪವನ್ನು ಒಮ್ಮೆ ನೋಡಿ, ಎಳೆಯ ತುದಿಯನ್ನು ಬಿಚ್ಚಿ ಪವರ್ ಮೀಟರಿಗೆ ಸಿಕ್ಕಿಸಿದನು. ಮೀಟರಿನಲ್ಲಿ ಬೆಳಕಿಲ್ಲ. ಅನಂತರ ಕಣ್ಣಿಗೆ ಕಾಣುವ ಕೆಂಪು ಬೆಳಕನ್ನು ಸೂಸುವ ಪೆನ್ನಿನಂತಹದೊಂದನ್ನು ಅದೇ ತುದಿಗೆ ಚುಚ್ಚಿ ಬೀದಿಗೆ ಹೋಗಿ ನೋಡಿದರೆ, ಕೊಂಬೆಯ ಕೆಳಗೆ ಕೇಬಲ್ಲಿನ ಕಪ್ಪು ಹೊದಿಕೆ ಬಿರಿದಿದ್ದ ಎಡೆಯಿಂದ ಕೆಂಪು ಬೆಳಕು ಒಸರುತ್ತಿತ್ತು. ಮಿಲಿಮೀಟರಿನ ಎಂಟನೆಯ ಒಂದು ಪಾಲಿನಷ್ಟು ದಪ್ಪದ ಗಾಜು ಅಲ್ಲಿ ಮುರಿದಿದ್ದಿತು. ಮುರಿದ ಎರಡು ತುದಿಗಳನ್ನು ಸ್ಪ್ಲೈಸಿಂಗ್ ಯಂತ್ರದಲ್ಲಿಟ್ಟು ವಿದ್ಯುತ್ ಕಿಡಿಯಿಂದ ಬೆಸೆದ ಬಳಿಕ ಅವನು ಮತ್ತೆ ಮೀಟರು ಹಿಡಿದನು. ಅದನ್ನು ಸ್ನೇಹಿತರು ಅವನ ಕೈಯಿಂದ ತೆಗೆದುಕೊಂಡು, ಕನ್ನಡಕವನ್ನು ಹಣೆಗೇರಿಸಿ, ತಾವೇ ಓದಿದರು: ಋಣ 21. ಋಣ 27ಕ್ಕಿಂತ ಕೆಳಗಿಳಿದರೆ ರೂಟರಿಗೆ ಕಷ್ಟ, ಇದು ಒಳ್ಳೆಯ ಲೆಕ್ಕ ಎಂದು ಹುಡುಗ ಹೇಳಿದನು.

ಪ್ರತ್ಯಕ್ಷವೆಂದರೇನೆಂಬುದನ್ನು ನಿರ್ಣಯಿಸುವಾಗ ಹದಿಮೂರನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು, ದೋಷವಿಲ್ಲದ ಇಂದ್ರಿಯಕ್ಕೆ ದೋಷವಿಲ್ಲದ ವಿಷಯದೊಡನೆ ಆಗುವ ಸಂಬಂಧ ಎಂದು ತಮ್ಮ ಪ್ರಮಾಣಲಕ್ಷಣದಲ್ಲಿ ಹೇಳಿದ್ದಾರೆ. ಕರೆದವನಲ್ಲಿ ದೋಷವಿರಬಹುದು, ಕರೆಸಿಕೊಂಡವನಲ್ಲಿ ಇರಬಹುದು, ಎರಡೂ ಕಡೆ ಎಲ್ಲವೂ ಸರಿಯಾಗಿದ್ದು ನಡುವಣ ಸಂಬಂಧವೇ ಒದಗದೆ ಹೋಗಬಹುದು. ಸಹಾಯವಾಣಿಯ ಧ್ವನಿ ಬಲ್ಲದ್ದು ಈ ಮೂರರಲ್ಲಿ ಒಂದನ್ನು ಮಾತ್ರ, ಮತ್ತು ಶವಸಂಸ್ಕಾರದ ದಿನ ಮಾತನಾಡುವವರು ಬಲ್ಲದ್ದೂ ಅದನ್ನೇ. ಸ್ನೇಹಿತರ ತೀರ್ಮಾನ ಸಿದ್ಧವಾಗಿಲ್ಲವೆಂದೇ ನಾನು ಈಗಲೂ ಭಾವಿಸುತ್ತೇನೆ. ನನ್ನ ನಂಬಿಕೆಯೂ ಸಿದ್ಧವಾಗಿಲ್ಲ. ಆದರೆ ಮೂರನೆಯ ಮಾತು, ಆ ಹನ್ನೊಂದು ತಿಂಗಳ ಭಕ್ತಿಯಲ್ಲಿ ಕೊರತೆಯಿತ್ತೆಂಬ ಮಾತು, ಯಾವ ಮೀಟರನ್ನೂ ಹಿಡಿಯದೆ ಆಡಿದ್ದು. ಅದು ಶುದ್ಧ ತಪ್ಪು.

ಅದನ್ನು ಆಡಿದವರಲ್ಲಿ ನಾನೂ ಒಬ್ಬ. ಕಾಫಿಯ ಹೊತ್ತಿಗೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡೆನು. ಅವರು ಲೋಟವನ್ನು ಕೆಳಗಿಟ್ಟು, ಆಗಲಿ ಎಂದು ತಲೆಯಾಡಿಸಿ, ವಿಜಯನಗರದಲ್ಲಿ ಹತ್ತೂವರೆಯ ಮೆಟ್ರೊ ಹಿಡಿದು ಕೆಂಗೇರಿಗೆ ಹೋದರು.